ಶ್ವಾಸಕೋಶದ ಸೋಂಕೂ ವಂಶದ ಬಳುವಳಿಯೂ

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯಿಂದ ಕೆಮ್ಮುವ ಮಕ್ಕಳನ್ನು ಎತ್ತಿಕೊಂಡು ಹಾಸನದ ಆಸ್ಪತ್ರೆಗೆ ಬರುವ ತಾಯಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಆ ಮಕ್ಕಳಲ್ಲಿ ಬಹುಮಂದಿಗೆ ಬಂದಿರತಕ್ಕದ್ದು ಸಾಧಾರಣವಾದ ನೆಗಡಿ, ಉಬ್ಬಸ ಅಥವಾ ನ್ಯುಮೋನಿಯಾ ಆಗಿರುತ್ತದೆ. ತಕ್ಕ ಔಷಧೋಪಚಾರದಿಂದ ಅವು ಹತೋಟಿಗೆ ಬರುತ್ತವೆ. ಆದರೆ ಅಪರೂಪವಾಗಿ ಒಂದು ಮಗುವಿನ ಕೆಮ್ಮು ಮಾತ್ರ ಬಿಟ್ಟು ಬಿಟ್ಟು ಮರಳಿ ಬರುತ್ತದೆ. ಕಫವು ಗಟ್ಟಿಯಾಗಿ ಅಂಟಂಟಾಗಿರುತ್ತದೆ. ಮಗು ಚೆನ್ನಾಗಿ ಉಂಡರೂ ಮೈ ಹತ್ತುವುದಿಲ್ಲ. ಮಲವು ಜಿಡ್ಡಾಗಿಯೂ ದುರ್ವಾಸನೆಯುಳ್ಳದ್ದಾಗಿಯೂ ಇರುತ್ತದೆ. ಕ್ಷಯವೆಂದು ಶಂಕಿಸಿ ಔಷಧ ಕೊಟ್ಟರೂ ಗುಣ ಕಾಣುವುದಿಲ್ಲ. ಇಂತಹ ಮಗುವಿನ ತಾಯಿಯು, "ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತದೆ" ಎಂದು ಹೇಳಿದಳಾದರೆ ಆ ಮಾತನ್ನು ಯಾರೂ ಅಲಕ್ಷ್ಯ ಮಾಡಕೂಡದು. ಅದು ಸಿಸ್ಟಿಕ್ ಫೈಬ್ರೋಸಿಸ್ ಎಂಬ ರೋಗದ ಗುರುತಾಗಿರಬಹುದು.

ಈ ರೋಗವು ಒಬ್ಬರಿಂದೊಬ್ಬರಿಗೆ ಅಂಟುವುದಲ್ಲ, ವಂಶದಿಂದ ಬರುವುದು. ಆದರೆ ರೋಗಿಯ ಆಯುಸ್ಸನ್ನು ತಿನ್ನುವುದು ಮುಖ್ಯವಾಗಿ ಶ್ವಾಸಕೋಶದಲ್ಲಿ ನೆಲೆಸುವ ರೋಗಾಣುಗಳ ಸೋಂಕು. ಇಲ್ಲಿ ಒಂದು ಸೋಜಿಗವುಂಟು. ಒಂದೇ ತಾಯಿತಂದೆಗಳ ಮಕ್ಕಳಾದ ಅಕ್ಕನಿಗೂ ತಮ್ಮನಿಗೂ ಇದೇ ರೋಗವಿದೆಯೆಂದು ಭಾವಿಸೋಣ. ಅಕ್ಕನ ಶ್ವಾಸಕೋಶವು ಶಾಲೆಗೆ ಸೇರುವ ಮೊದಲೇ ಕೆಟ್ಟ ಸೋಂಕಿಗೆ ಈಡಾಗಬಹುದು. ತಮ್ಮನಾದರೋ ಹೈಸ್ಕೂಲು ಮುಗಿಸುವವರೆಗೂ ಲವಲವಿಕೆಯಿಂದ ಓಡಾಡಿಕೊಂಡಿರಬಹುದು. ಮನೆ ಒಂದೇ, ಅನ್ನ ಒಂದೇ, ರೋಗವೂ ಒಂದೇ; ಗತಿ ಮಾತ್ರ ಬೇರೆ. ಇದಕ್ಕೆ ಕಾರಣವೇನು? ಈ ಪ್ರಶ್ನೆಗೆ ವಿಜ್ಞಾನವು ಕಂಡುಕೊಂಡಿರುವ ಉತ್ತರವನ್ನೂ, ಅದರಿಂದ ನಮ್ಮ ಮನೆಗಳಲ್ಲಿ ಕಲಿಯತಕ್ಕ ಪಾಠವನ್ನೂ ತಿಳಿಸುವುದೇ ಈ ಲೇಖನದ ಉದ್ದೇಶ.

೧. ರೋಗವನ್ನು ಗುರುತಿಸಿದ ಬಗೆ

ಮಗುವಿನ ಹಣೆಗೆ ಮುತ್ತಿಟ್ಟಾಗ ಉಪ್ಪು ರುಚಿಸಿದರೆ ಆ ಮಗು ಬಹುಕಾಲ ಬದುಕುವುದಿಲ್ಲವೆಂಬ ನಂಬಿಕೆ ಯೂರೋಪಿನ ಜನರಲ್ಲಿ ಹಿಂದಿನಿಂದಲೂ ಇತ್ತು. ಆದರೆ ಇದನ್ನು ಪ್ರತ್ಯೇಕವಾದ ರೋಗವೆಂದು ೧೯೩೮ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯೊಂದರಲ್ಲಿದ್ದ ಡಾಕ್ಟರ್ ಡೊರೊತಿ ಆಂಡರ್ಸನ್ ಎಂಬ ಮಹಿಳೆ. ತೀರಿಹೋದ ಮಕ್ಕಳ ಅಂಗಗಳನ್ನು ಪರೀಕ್ಷಿಸುತ್ತ, ಕೆಲವರ ಮೇದೋಜೀರಕ ಗ್ರಂಥಿಯು ಗಂಟುಗಂಟಾಗಿ ನಾರುಗಟ್ಟಿರುವುದನ್ನೂ, ಅವರ ಶ್ವಾಸಕೋಶಗಳು ಸೋಂಕಿನಿಂದ ಹಾಳಾಗಿರುವುದನ್ನೂ ಆಕೆ ಕಂಡರು. ಎರಡು ಅಂಗಗಳ ಕೇಡಿಗೂ ಮೂಲವೊಂದೇ ಎಂದು ತೋರಿಸಿಕೊಟ್ಟದ್ದು ಆಕೆಯ ಹಿರಿಮೆ.

೧೯೪೮ರ ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತವಾದ ಸೆಕೆಯಾಯಿತು. ಆಗ ನಿತ್ರಾಣರಾಗಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಈ ರೋಗವುಳ್ಳವರು ಹೆಚ್ಚಾಗಿದ್ದರು. ಇದರ ಕಾರಣವನ್ನು ಹುಡುಕಿಹೊರಟ ಡಾಕ್ಟರ್ ಪಾಲ್ ಡಿ ಸಾಂಟ್ ಆನೀಸ್ ಎಂಬವರು, ಈ ಮಕ್ಕಳ ಬೆವರಿನಲ್ಲಿ ಉಪ್ಪಿನ ಅಂಶ ಅತಿಯಾಗಿದೆಯೆಂದು ೧೯೫೩ರಲ್ಲಿ ಪ್ರಕಟಿಸಿದರು. ೧೯೫೯ರಲ್ಲಿ ಗಿಬ್ಸನ್ ಮತ್ತು ಕುಕ್ ಎಂಬಿಬ್ಬರು ಬೆವರಿನ ಪರೀಕ್ಷೆಯನ್ನು ಸುಲಭಗೊಳಿಸಿದರು. ತೋಳಿನ ಮೇಲೆ ಔಷಧವಿಟ್ಟು, ನೋವಾಗದಂತೆ ಅಲ್ಪ ವಿದ್ಯುತ್ತನ್ನು ಹರಿಸಿ, ಅಲ್ಲಿ ಮೂಡಿದ ಬೆವರನ್ನು ಸಂಗ್ರಹಿಸಿ ಅಳೆಯುವ ಈ ವಿಧಾನವೇ ಇಂದಿಗೂ ರೋಗನಿರ್ಣಯದ ಆಧಾರ. ಒಂದು ಲೀಟರು ಬೆವರಿಗೆ ಕ್ಲೋರೈಡು ೬೦ ಮಿಲಿಮೋಲ್ ಅಥವಾ ಅದಕ್ಕೆ ಮೇಲ್ಪಟ್ಟು ಇದ್ದರೆ ರೋಗವಿದೆಯೆಂದು ಎಣಿಸುತ್ತಾರೆ. ೩೦ಕ್ಕೂ ಕಡಮೆಯಿದ್ದರೆ ರೋಗವಿರುವ ಸಂಭವ ಬಹಳ ಕಡಮೆ. ನಡುವಣ ಅಂಕೆ ಬಂದರೆ ಮುಂದಿನ ಪರೀಕ್ಷೆ ಅಗತ್ಯ.

ರೋಗದ ಬೇರು ಸಿಕ್ಕಿದ್ದು ೧೯೮೯ರಲ್ಲಿ. ಲಾಪ್ ಚೀ ತ್ಸುಯ್, ಜಾನ್ ರಿಯೋರ್ಡನ್, ಫ್ರಾನ್ಸಿಸ್ ಕಾಲಿನ್ಸ್ ಎಂಬವರೂ ಅವರ ಸಂಗಡಿಗರೂ ಏಳನೆಯ ವರ್ಣತಂತುವಿನ ಮೇಲೆ ಇರುವ ಒಂದು ವಂಶವಾಹಿಯೇ ಇದಕ್ಕೆ ಕಾರಣವೆಂದು ಕಂಡುಹಿಡಿದರು. ಅದಕ್ಕೆ ಸಿ.ಎಫ್.ಟಿ.ಆರ್. ಎಂದು ಹೆಸರು.

೨. ಕೆರೆಯ ತೂಬಿನ ದೃಷ್ಟಾಂತ

ಚನ್ನರಾಯಪಟ್ಟಣದ ಸೀಮೆಯ ಕೆರೆಗಳನ್ನು ನೋಡಿದವರಿಗೆ ಈ ವಂಶವಾಹಿಯ ಕೆಲಸವನ್ನು ತಿಳಿಸುವುದು ಸುಲಭ. ಕೆರೆಯ ಏರಿಯಲ್ಲಿ ತೂಬು ಇರುತ್ತದೆ. ತೂಬನ್ನು ಎತ್ತಿದರೆ ನೀರು ಕಾಲುವೆಗೆ ಹರಿಯುತ್ತದೆ. ಮುಚ್ಚಿದರೆ ಕಾಲುವೆ ಒಣಗುತ್ತದೆ. ನಮ್ಮ ಶ್ವಾಸನಾಳಗಳ ಒಳಮೈಯಲ್ಲಿರುವ ಜೀವಕೋಶಗಳಿಗೂ ಇಂತಹ ತೂಬುಗಳುಂಟು. ಮೇಲೆ ಹೇಳಿದ ವಂಶವಾಹಿಯು ಈ ತೂಬನ್ನು ಕಟ್ಟುವ ನಕ್ಷೆ. ತೂಬಿನ ಮೂಲಕ ಕ್ಲೋರೈಡು ಹೊರಬರುತ್ತದೆ, ಅದರ ಹಿಂದೆ ನೀರೂ ಬರುತ್ತದೆ. ಆ ತೆಳುವಾದ ನೀರಿನ ಪದರದಿಂದ ಕಫವು ತಿಳಿಯಾಗಿರುತ್ತದೆ. ಶ್ವಾಸನಾಳದ ಒಳಗೋಡೆಯ ಸೂಕ್ಷ್ಮವಾದ ರೋಮಗಳು ಕಸಗುಡಿಸುವವರಂತೆ ಬೀಸಾಡುತ್ತ, ಧೂಳನ್ನೂ ರೋಗಾಣುಗಳನ್ನೂ ಆ ಕಫದೊಡನೆ ಮೇಲಕ್ಕೆ ನೂಕುತ್ತವೆ.

ತೂಬು ಕೆಟ್ಟರೆ ಈ ವ್ಯವಸ್ಥೆಯೆಲ್ಲವೂ ಕೆಡುತ್ತದೆ. ನೀರಿಲ್ಲದ ಕಾಲುವೆಯಲ್ಲಿ ಹೂಳು ನಿಲ್ಲುವಂತೆ ಕಫವು ನಾಳದಲ್ಲಿ ಅಂಟಿ ನಿಲ್ಲುತ್ತದೆ. ಅದನ್ನು ನೂಕಲು ರೋಮಗಳಿಗೆ ಶಕ್ತಿ ಸಾಲದು. ಬೆವರಿನ ನಾಳದಲ್ಲಿ ಮಾತ್ರ ಇದೇ ತೂಬಿನ ಕೆಲಸ ವಿರುದ್ಧವಾದದ್ದು. ಬೆವರು ಚರ್ಮಕ್ಕೆ ಬರುವ ಮುನ್ನ ಅದರೊಳಗಿನ ಉಪ್ಪನ್ನು ದೇಹಕ್ಕೆ ಹಿಂದಿರುಗಿಸುವುದು ಅಲ್ಲಿ ಅದರ ಹೊಣೆ. ಅದು ಕೆಟ್ಟುದರಿಂದಲೇ ಉಪ್ಪು ಮೈಮೇಲೆ ಉಳಿಯುತ್ತದೆ. ತಾಯಿಯ ತುಟಿಗೆ ಹತ್ತುವ ಉಪ್ಪಿಗೂ ಮಗುವಿನ ಎದೆಯ ಕಫಕ್ಕೂ ಇರುವ ಸಂಬಂಧ ಇದು.

೩. ರೋಗಾಣುಗಳು ಮನೆಮಾಡುವ ಕ್ರಮ

ನಿಂತ ಕಫವು ರೋಗಾಣುಗಳಿಗೆ ಒಳ್ಳೆಯ ಆಶ್ರಯ. ಎಳೆಯ ವಯಸ್ಸಿನಲ್ಲಿ ಸ್ಟಫೈಲೋಕಾಕಸ್, ಹೀಮೋಫಿಲಸ್ ಎಂಬ ಜಾತಿಗಳು ಸಾಮಾನ್ಯವಾಗಿ ಮೊದಲು ಸೇರುತ್ತವೆ. ಬಳಿಕ ಬರುವ ದೊಡ್ಡ ಶತ್ರು ಸೂಡೋಮೋನಾಸ್ ಎಂಬುದು. ಇದು ತೇವವಿದ್ದಲ್ಲೆಲ್ಲ, ಮಣ್ಣಿನಲ್ಲಿಯೂ ನೀರಿನಲ್ಲಿಯೂ, ಬದುಕುವಂಥದು. ಆರೋಗ್ಯವಂತರಿಗೆ ಇದರಿಂದ ಭಯವಿಲ್ಲ. ಆದರೆ ಈ ರೋಗಿಗಳ ಎದೆಯಲ್ಲಿ ಒಮ್ಮೆ ಬೇರೂರಿತೆಂದರೆ ತನ್ನ ಸುತ್ತಲೂ ಲೋಳೆಯ ಕವಚವನ್ನು ಕಟ್ಟಿಕೊಳ್ಳುತ್ತದೆ. ಆಗ ಔಷಧವೂ ದೇಹದ ರಕ್ಷಣಾಬಲವೂ ಅದನ್ನು ಸುಲಭವಾಗಿ ಮುಟ್ಟಲಾರವು. ಅದನ್ನು ಕೊಲ್ಲಲೆಂದು ಗುಂಪುಗುಂಪಾಗಿ ಧಾವಿಸುವ ಬಿಳಿಯ ರಕ್ತಕಣಗಳು ಉಗುಳುವ ದ್ರವ್ಯಗಳಿಂದ ಶ್ವಾಸಕೋಶಕ್ಕೇ ಗಾಯವಾಗುತ್ತದೆ. ಕಳ್ಳನನ್ನು ಹಿಡಿಯಲು ಬಂದವರು ಮನೆಯ ಗೋಡೆಯನ್ನೇ ಒಡೆದಂತೆ ಆಗುತ್ತದೆ. ಆದುದರಿಂದ ಸೂಡೋಮೋನಾಸ್ ಎಷ್ಟು ತಡವಾಗಿ ನೆಲೆಸಿದರೆ ಅಷ್ಟು ಕ್ಷೇಮ. ಮೊದಲ ಬಾರಿ ಕಂಡೊಡನೆಯೇ ಚಿಕಿತ್ಸೆ ಮಾಡಿದರೆ ಅದನ್ನು ಅನೇಕರಲ್ಲಿ ಹೊರದೂಡುವುದೂ ಸಾಧ್ಯ.

೪. ತೂಬಿನ ದೋಷಗಳಲ್ಲಿ ಭೇದ

ಈಗ ನಮ್ಮ ಪ್ರಶ್ನೆಗೆ ಬರೋಣ. ತೂಬು ಕೆಟ್ಟಿದೆಯೆಂದು ಹೇಳಿದ ಮಾತ್ರಕ್ಕೆ ಸಾಲದು. ಹೇಗೆ ಕೆಟ್ಟಿದೆ ಎಂಬುದನ್ನೂ ತಿಳಿಯಬೇಕು. ಈ ವಂಶವಾಹಿಯಲ್ಲಿ ೨೦೦೦ಕ್ಕೂ ಹೆಚ್ಚು ವ್ಯತ್ಯಾಸಗಳು ಇದುವರೆಗೆ ಪಟ್ಟಿಯಾಗಿವೆ. ಅವೆಲ್ಲವೂ ರೋಗಕ್ಕೆ ಕಾರಣವಲ್ಲ. ಕಾರಣವಾದವುಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು. ಮೊದಲನೆಯದರಲ್ಲಿ ತೂಬು ತಯಾರಾಗುವುದೇ ಇಲ್ಲ. ಎರಡನೆಯದರಲ್ಲಿ ತಯಾರಾದರೂ ಏರಿಯನ್ನು ಮುಟ್ಟುವುದಿಲ್ಲ, ದಾರಿಯಲ್ಲಿಯೇ ಒಡೆದುಹಾಕಲ್ಪಡುತ್ತದೆ. ಮೂರನೆಯದರಲ್ಲಿ ಏರಿಯಲ್ಲಿ ನಿಂತರೂ ಬಾಗಿಲು ತೆರೆಯುವುದಿಲ್ಲ. ನಾಲ್ಕನೆಯದರಲ್ಲಿ ಬಾಗಿಲು ತೆರೆದರೂ ಕಂಡಿ ಇಕ್ಕಟ್ಟು. ಐದನೆಯದರಲ್ಲಿ ತೂಬು ಸರಿಯಾದದ್ದೇ, ಆದರೆ ಸಂಖ್ಯೆ ಸಾಲದು.

ಜಗತ್ತಿನಲ್ಲಿ ಅತಿ ಸಾಮಾನ್ಯವಾದ ದೋಷವು ಎರಡನೆಯ ಬಗೆಯದು. ೧೪೮೦ ಅಮೈನೋ ಆಮ್ಲಗಳ ಸರಪಣಿಯಲ್ಲಿ ೫೦೮ನೆಯದೊಂದು ಬಿಟ್ಟುಹೋಗಿರುವುದರಿಂದ ಅದನ್ನು ಡೆಲ್ಟಾ ಎಫ್ ೫೦೮ ಎಂದು ಕರೆಯುತ್ತಾರೆ. ಒಂದು ಕೊಂಡಿ ಕಳಚಿದ್ದಕ್ಕೆ ಇಷ್ಟೆಲ್ಲ ಅನರ್ಥ!

ಪ್ರತಿಯೊಬ್ಬರಿಗೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಎರಡೂ ಪ್ರತಿಗಳು ಮೊದಲ ಮೂರು ಬಗೆಗಳಿಗೆ ಸೇರಿದ್ದರೆ ರೋಗವು ಸಾಮಾನ್ಯವಾಗಿ ತೀವ್ರವಾಗಿರುತ್ತದೆ, ಜೀರ್ಣಶಕ್ತಿ ಕುಂದುತ್ತದೆ, ಸೂಡೋಮೋನಾಸ್ ಬೇಗ ನೆಲೆಸುವ ಸಂಭವ ಹೆಚ್ಚು. ಒಂದು ಪ್ರತಿಯಾದರೂ ನಾಲ್ಕನೆಯ ಅಥವಾ ಐದನೆಯ ಬಗೆಯದಾಗಿದ್ದರೆ, ಅಲ್ಪಸ್ವಲ್ಪ ನೀರು ಜಿನುಗುವುದರಿಂದ, ಸೋಂಕು ತಡವಾಗಿ ಬರುವುದುಂಟು.

೫. ಇತರ ವಂಶವಾಹಿಗಳ ಪಾತ್ರ

ಆದರೆ ನಮ್ಮ ಅಕ್ಕತಮ್ಮಂದಿರ ವಿಷಯದಲ್ಲಿ ಇಷ್ಟರಿಂದ ಉತ್ತರ ಸಿಕ್ಕಲಿಲ್ಲ. ಇಬ್ಬರಿಗೂ ಬಂದಿರುವ ತೂಬಿನ ದೋಷಗಳು ಒಂದೇ ಅಲ್ಲವೆ? ಹೌದು, ಆದರೆ ಉಳಿದ ವಂಶವಾಹಿಗಳು ಒಂದೇ ಅಲ್ಲ. ಅವಳಿ ಮಕ್ಕಳನ್ನೂ ಒಡಹುಟ್ಟಿದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳಿಂದ, ಶ್ವಾಸಕೋಶದ ಸ್ಥಿತಿಯನ್ನು ನಿರ್ಧರಿಸುವುದರಲ್ಲಿ ಈ ಇತರ ವಂಶವಾಹಿಗಳಿಗೂ ದೊಡ್ಡ ಪಾಲುಂಟೆಂದು ತಿಳಿದುಬಂದಿದೆ.

ಒಂದು ನಿದರ್ಶನ: ರಕ್ತದಲ್ಲಿ ಮ್ಯಾನೋಸ್ ಬೈಂಡಿಂಗ್ ಲೆಕ್ಟಿನ್ ಎಂಬ ಪ್ರೋಟೀನು ಇದೆ. ಅದು ರೋಗಾಣುಗಳ ಮೈಗೆ ಅಂಟಿಕೊಂಡು, ಇವರು ಶತ್ರುಗಳೆಂದು ರಕ್ಷಣಾಬಲಕ್ಕೆ ಗುರುತು ತೋರಿಸುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಇದು ಕಡಮೆ. ಇತರರಿಗೆ ಅದರಿಂದ ದೊಡ್ಡ ತೊಂದರೆಯಿಲ್ಲದಿದ್ದರೂ ಸಿಸ್ಟಿಕ್ ಫೈಬ್ರೋಸಿಸ್ ಇರುವವರಿಗೆ ಅದು ಗಾಯದ ಮೇಲೆ ಬರೆ. ಇಂಥವರ ಶ್ವಾಸಕೋಶ ಬೇಗ ಕೆಡುವುದನ್ನು ೧೯೯೯ರಲ್ಲಿ ಡೆನ್ಮಾರ್ಕಿನ ವಿದ್ವಾಂಸರು ತೋರಿಸಿದರು. ಉರಿಯೂತವನ್ನೂ ಗಾಯ ಮಾಯುವ ರೀತಿಯನ್ನೂ ನಿಯಂತ್ರಿಸುವ ಟಿ.ಜಿ.ಎಫ್. ಬೀಟಾ ಒಂದು ಎಂಬ ವಂಶವಾಹಿಯ ಪ್ರಭಾವವು ೨೦೦೫ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ೨೦೧೫ರಲ್ಲಿ ೬೦೦೦ಕ್ಕೂ ಹೆಚ್ಚು ರೋಗಿಗಳ ವಂಶವಾಹಿಗಳನ್ನು ಪರಿಶೀಲಿಸಿದಾಗ, ಶ್ವಾಸಕೋಶದ ಸ್ಥಿತಿಗೆ ಸಂಬಂಧಪಟ್ಟ ಐದು ಎಡೆಗಳು ಕಂಡುಬಂದುವು. ಅವುಗಳಲ್ಲಿ ಒಂದು ಕಫದ ಲೋಳೆಯನ್ನು ತಯಾರಿಸುವ ವಂಶವಾಹಿಗಳ ಬಳಿಯದು. ಇನ್ನೊಂದು ರೋಗಾಣುಗಳನ್ನು ಗುರುತಿಸುವ ಶಕ್ತಿಗೆ ಸಂಬಂಧಿಸಿದ್ದು.

ಹೀಗೆ ತೂಬಿನ ದೋಷವು ರೋಗವನ್ನು ತರುತ್ತದೆ. ಸೋಂಕು ಬೇಗ ಬರುವುದೋ ತಡವಾಗಿ ಬರುವುದೋ, ಮೃದುವೋ ಕಠಿನವೋ ಎಂಬುದನ್ನು ತೀರ್ಮಾನಿಸುವುದರಲ್ಲಿ ಇತರ ಅನೇಕ ಬಳುವಳಿಗಳೂ ಕೈಗೂಡಿಸುತ್ತವೆ.

೬. ಬಳುವಳಿಯೇ ಹಣೆಬರಹವಲ್ಲ

ಹಾಗಾದರೆ ಎಲ್ಲವೂ ಹುಟ್ಟಿನಲ್ಲಿಯೇ ಬರೆದುಹೋಗಿದೆಯೆ? ಇಲ್ಲ. ೨೦೦೮ರಲ್ಲಿ ಅಮೆರಿಕದ ಒಂದು ಅಧ್ಯಯನವು ಮನೆಯೊಳಗಿನ ಸಿಗರೇಟಿನ ಹೊಗೆಯನ್ನು ಕುರಿತು ಬಹು ಮುಖ್ಯವಾದ ವಿಷಯವನ್ನು ತಿಳಿಸಿತು. ಮನೆಯಲ್ಲಿ ಹೊಗೆ ಸೇವಿಸುವವರಿದ್ದರೆ ಈ ಮಕ್ಕಳ ಶ್ವಾಸಕೋಶದ ಶಕ್ತಿ ಕಡಮೆಯಾಗುತ್ತದೆ. ಮೇಲೆ ಹೇಳಿದ ಟಿ.ಜಿ.ಎಫ್. ಬೀಟಾ ವಂಶವಾಹಿಯ ಕೆಲವು ರೂಪಗಳಿರುವವರಲ್ಲಿ ಈ ಹಾನಿ ಇನ್ನೂ ಅಧಿಕ. ಎಂದರೆ, ವಂಶವಾಹಿಯು ಒಡ್ಡಿದ ಅಪಾಯವನ್ನು ಮನೆಯ ಹೊಗೆಯು ಬೆಳೆಸುತ್ತದೆ. ಹೊಗೆಯನ್ನು ನಿಲ್ಲಿಸಿದರೆ ಅಪಾಯವೂ ಇಳಿಯುತ್ತದೆ. ವಂಶವಾಹಿಯನ್ನು ನಾವು ಬದಲಿಸಲಾರೆವು. ಬೀಡಿಯನ್ನು ಮನೆಯಿಂದ ಹೊರಗಿಡಬಲ್ಲೆವು. ಸೌದೆಯ ಒಲೆಗೆ ಹೊಗೆ ಹೋಗುವ ಕಿಂಡಿಯನ್ನು ಇಡಬಲ್ಲೆವು. ಅರಕಲಗೂಡಿನ ಸೀಮೆಯಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ನುಗಳ ಸಮೀಪಕ್ಕೆ ಎದೆಯ ಬೇನೆಯ ಮಕ್ಕಳನ್ನು ಬಿಡದಿರಬಲ್ಲೆವು.

೭. ನಮ್ಮ ನಾಡೂ ಸಂಬಂಧದ ಮದುವೆಯೂ

ಇದು ಬಿಳಿಯರ ರೋಗ, ನಮ್ಮಲ್ಲಿ ಇಲ್ಲವೆಂಬ ಭಾವನೆ ಬಹುಕಾಲವಿತ್ತು. ಯೂರೋಪಿನ ಸಂತತಿಯವರಲ್ಲಿ ಸುಮಾರು ೨೫೦೦ರಿಂದ ೩೦೦೦ ಜನನಗಳಿಗೆ ಒಂದರಂತೆ ಇದು ಕಾಣಿಸಿಕೊಳ್ಳುವುದು ನಿಜ. ಭಾರತೀಯರಲ್ಲಿ ಇದಕ್ಕಿಂತ ವಿರಳ. ಆದರೆ ಇಲ್ಲವೇ ಇಲ್ಲವೆಂಬುದು ತಪ್ಪು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಮೊದಲಾದೆಡೆಗಳಲ್ಲಿ ಇಂತಹ ಮಕ್ಕಳಿಗೆ ಚಿಕಿತ್ಸೆ ನಡೆಯುತ್ತಿದೆ. ನಮ್ಮವರಲ್ಲಿ ಡೆಲ್ಟಾ ಎಫ್ ೫೦೮ರ ಪಾಲು ಯೂರೋಪಿನವರಷ್ಟು ಇಲ್ಲ. ಬೇರೆ ಬಗೆಯ ದೋಷಗಳು ಹೆಚ್ಚು. ಯೂರೋಪಿನವರ ದೋಷಗಳನ್ನು ಮಾತ್ರ ಹುಡುಕುವ ರಕ್ತಪರೀಕ್ಷೆಯಲ್ಲಿ ಏನೂ ಸಿಕ್ಕದಿದ್ದರೆ ರೋಗವಿಲ್ಲವೆಂದು ನಿಶ್ಚಯಿಸಕೂಡದೆಂಬ ಎಚ್ಚರಿಕೆ ಇದರಿಂದ ದೊರೆಯುತ್ತದೆ.

ನಮ್ಮ ಜಿಲ್ಲೆಯಲ್ಲಿ ಅಕ್ಕನ ಮಗಳನ್ನು ತಮ್ಮನು ತಂದುಕೊಳ್ಳುವುದೂ, ಸೋದರತ್ತೆಯ ಅಥವಾ ಸೋದರಮಾವನ ಮಕ್ಕಳೊಡನೆ ಮದುವೆಯಾಗುವುದೂ ಹಳೆಯ ವಾಡಿಕೆ. ಈ ವಿಷಯವನ್ನು ಲೆಕ್ಕದ ಮೂಲಕ ನೋಡೋಣ. ಒಂದೇ ಒಂದು ಕೆಟ್ಟ ಪ್ರತಿಯುಳ್ಳವರಿಗೆ ರೋಗವಿಲ್ಲ; ಅವರು ವಾಹಕರು ಮಾತ್ರ. ವಾಹಕರಿಬ್ಬರು ಮದುವೆಯಾದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲನೆಯ ಮಗುವಿಗೆ ಬಂದಿತೆಂದು ಮುಂದಿನ ಮೂವರಿಗೆ ಬಿಡುಗಡೆಯೆಂದು ತಿಳಿಯಬಾರದು; ಪ್ರತಿಸಲವೂ ಲೆಕ್ಕ ಹೊಸದು.

ಒಬ್ಬ ಯುವಕನು ವಾಹಕನೆಂದೂ, ಊರಿನ ೫೦ ಮಂದಿಯಲ್ಲಿ ಒಬ್ಬರು ವಾಹಕರೆಂದೂ ಇಟ್ಟುಕೊಳ್ಳೋಣ. ಅವನು ಹೊರಗಿನವಳನ್ನು ಮದುವೆಯಾದರೆ ಒಂದು ಮಗುವಿಗೆ ರೋಗ ಬರುವ ಸಂಭವ ೨೦೦ರಲ್ಲಿ ಒಂದು. ಸೋದರಮಾವನ ಮಗಳನ್ನು ಮದುವೆಯಾದರೆ ಆಕೆ ವಾಹಕಳಾಗಿರುವ ಸಂಭವ ಎಂಟರಲ್ಲಿ ಒಂದು. ಆದುದರಿಂದ ಮಗುವಿಗೆ ರೋಗದ ಸಂಭವ ೩೨ರಲ್ಲಿ ಒಂದು. ಅಕ್ಕನ ಮಗಳನ್ನು ಮದುವೆಯಾದರೆ ಅದು ೧೬ರಲ್ಲಿ ಒಂದು. ಸಂಬಂಧದ ಮದುವೆಗಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಂತರಾಗಿಯೇ ಹುಟ್ಟುತ್ತಾರೆಂಬುದೂ ನಿಜವೇ. ಆದರೆ ಮನೆತನದಲ್ಲಿ ಇಂತಹ ರೋಗ ಒಮ್ಮೆ ಕಂಡಿದ್ದರೆ ಈ ಲೆಕ್ಕವನ್ನು ಮರೆಯುವುದು ವಿವೇಕವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಅವರ ಸಹೋದ್ಯೋಗಿಗಳು ೧೯೮೦ರ ದಶಕದಲ್ಲಿ ಕರ್ನಾಟಕದ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದರು. ಹತ್ತಿರದ ಸಂಬಂಧದ ಮದುವೆಗೂ ಮಕ್ಕಳ ವಂಶಪಾರಂಪರ್ಯ ರೋಗಗಳಿಗೂ ಇರುವ ನಂಟನ್ನು ಅವರು ಪರಿಶೀಲಿಸಿ ಪ್ರಕಟಿಸಿದ್ದಾರೆ.

ಈ ಸಂದರ್ಭದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಒಂದರ ಮೇಲೊಂದು ಮಗು ಎದೆಯ ಬೇನೆಯಿಂದ ಸೊರಗಿದಾಗ, ಸೊಸೆಯ ಕಾಲ್ಗುಣ ಸರಿಯಿಲ್ಲವೆಂದೂ, ಅವಳ ತವರಿನ ದೋಷವೆಂದೂ ದೂಷಿಸುವ ಮನೆಗಳಿವೆ. ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಈ ರೋಗ ಬರಬೇಕಾದರೆ ತಾಯಿಯ ಕಡೆಯಿಂದ ಒಂದು, ತಂದೆಯ ಕಡೆಯಿಂದ ಒಂದು, ಹೀಗೆ ಎರಡು ಪ್ರತಿಗಳು ಕೂಡಿ ಬರಲೇಬೇಕು. ಇಬ್ಬರ ಪಾಲೂ ಸಮ, ಇಬ್ಬರದೂ ತಪ್ಪಲ್ಲ. ಅಕ್ಕನ ಮಗಳನ್ನೇ ಸೊಸೆಯಾಗಿ ತಂದುಕೊಂಡ ಮನೆಯಲ್ಲಂತೂ ಆ ಪ್ರತಿಗಳೆರಡೂ ಒಬ್ಬಳೇ ಅಜ್ಜಿಯಿಂದಲೋ ಒಬ್ಬನೇ ಅಜ್ಜನಿಂದಲೋ ಬಂದಿರಬಹುದು. ಹಾಗಿರುವಾಗ ತವರೆಂಬುದು ಯಾವುದು, ಅತ್ತೆಯ ಮನೆಯೆಂಬುದು ಯಾವುದು?

೮. ಮಾಡತಕ್ಕ ಕೆಲಸ

ಮೇಲೆ ಹೇಳಿದ ಲಕ್ಷಣಗಳು ಕಂಡರೆ ತಡಮಾಡದೆ ಹಾಸನದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂತಹ ಸ್ಥಳದಲ್ಲಿ ಮಕ್ಕಳ ತಜ್ಞರಿಗೆ ತೋರಿಸಿ, ಬೆವರಿನ ಪರೀಕ್ಷೆಯ ವಿಷಯವನ್ನು ಕೇಳಬೇಕು. ಮುಂದಿನ ಸಲಹೆಗೆ ಬೆಂಗಳೂರಿನಲ್ಲಿ ಮಾನವ ತಳಿಶಾಸ್ತ್ರ ಕೇಂದ್ರವೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯೂ ಇವೆ. ೨೦೨೧ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿಯ ಮೇರೆಗೆ ಇವು ಗೊತ್ತುಮಾಡಲ್ಪಟ್ಟ ಕೇಂದ್ರ. ಆ ನೀತಿಯ ಪಟ್ಟಿಯಲ್ಲಿ ಈ ರೋಗವೂ ಸೇರಿದೆ.

ರೋಗವು ನಿಶ್ಚಯವಾದ ಮೇಲೆ ದಿನವೂ ಎದೆಯನ್ನು ತಟ್ಟಿ ಕಫವನ್ನು ಹೊರಡಿಸುವುದು, ಉಪ್ಪುನೀರಿನ ಆವಿಯ ಔಷಧವನ್ನು ವೈದ್ಯರು ಹೇಳಿದಂತೆ ಎಳೆಸುವುದು, ಊಟದೊಡನೆ ಜೀರ್ಣದ ಔಷಧ ಕೊಡುವುದು, ಕಾಲಕಾಲಕ್ಕೆ ಕಫವನ್ನು ಪರೀಕ್ಷಿಸಿ ಹೊಸ ರೋಗಾಣುವನ್ನು ಮೊದಲೇ ಹಿಡಿಯುವುದು, ಇವು ಮುಖ್ಯ. ಬೇಸಗೆಯಲ್ಲಿ ಉಪ್ಪು ಬೆರೆಸಿದ ಮಜ್ಜಿಗೆ, ಗಂಜಿಗಳನ್ನು ಧಾರಾಳವಾಗಿ ಕೊಡಬೇಕು. ಇತರರಿಗೆ ಉಪ್ಪು ಕಡಮೆ ಮಾಡೆಂದು ಹೇಳುವಾಗ ಈ ಮಕ್ಕಳಿಗೆ ಮಾತ್ರ ಹೆಚ್ಚು ಬೇಕು. ಇಬ್ಬರು ಮಕ್ಕಳಿಗೆ ರೋಗವಿದ್ದರೆ ಔಷಧ ಎಳೆಯುವ ಉಪಕರಣವನ್ನು ಹಂಚಿಕೊಳ್ಳಬಾರದು. ಒಬ್ಬರ ರೋಗಾಣು ಇನ್ನೊಬ್ಬರಿಗೆ ದಾಟೀತು.

ತೂಬಿನ ದೋಷವನ್ನೇ ಸರಿಪಡಿಸುವ ಗುಳಿಗೆಗಳೂ ಬಂದಿವೆ. ಮುಚ್ಚಿದ ಬಾಗಿಲನ್ನು ತೆರೆಯುವ ಐವಕಾಫ್ಟರ್ ಎಂಬುದು ೨೦೧೨ರಲ್ಲಿಯೂ, ಡೆಲ್ಟಾ ಎಫ್ ೫೦೮ ಇರುವವರಿಗೆ ನೆರವಾಗುವ ಮೂರು ಔಷಧಗಳ ಕೂಟವು ೨೦೧೯ರಲ್ಲಿಯೂ ಅಮೆರಿಕದಲ್ಲಿ ಒಪ್ಪಿಗೆ ಪಡೆದುವು. ಇವುಗಳಿಂದ ಅನೇಕರ ಬಾಳು ಬದಲಾಗಿದೆ. ಆದರೆ ಮೂರು ಔಷಧಗಳ ಕೂಟಕ್ಕೆ ೨೦೧೯ರಲ್ಲಿ ಅಲ್ಲಿ ನಿಗದಿಯಾದ ಬೆಲೆ ವರ್ಷಕ್ಕೆ ೩ ಲಕ್ಷ ಡಾಲರಿಗೂ ಮೇಲು. ಸಾಮಾನ್ಯ ಸಂಸಾರಕ್ಕೆ ಎಟುಕತಕ್ಕದ್ದಲ್ಲ. ತೂಬು ತಯಾರಾಗದೆಯೇ ಇರುವವರಿಗೆ ಇವು ಉಪಯೋಗಕ್ಕೂ ಬರುವುದಿಲ್ಲ. ಯಾವ ಮಗುವಿಗೆ ಯಾವ ದೋಷವೆಂದು ತಿಳಿಯುವುದು ಏತಕ್ಕೆ ಅಗತ್ಯವೆಂಬುದು ಇದರಿಂದ ವಿಶದವಾಗುತ್ತದೆ.

ಈ ಶಾಲೆಯಲ್ಲಿ ಓದಿ ಈಗ ಹಲವು ಊರುಗಳಲ್ಲಿ ಸಂಸಾರ ನಡೆಸುತ್ತಿರುವ ಸೋದರಿಯರು, ಅಂಗನವಾಡಿಯಲ್ಲಿಯೂ ಪಾಠಶಾಲೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ದುಡಿಯುತ್ತಿರುವವರು, ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ನಮ್ಮ ಬಿನ್ನಹ. ನೆರೆಮನೆಯ ತಾಯಿಯೊಬ್ಬಳು ಮಗುವಿನ ಉಪ್ಪು ಬೆವರಿನ ಮಾತನ್ನೆತ್ತಿದಾಗ ನಗಬೇಡಿರಿ; ಬೇರೆಯವರು ಅವಳನ್ನು ಹಳಿಯುತ್ತಿದ್ದರೆ ಸುಮ್ಮನಿರಬೇಡಿರಿ. ಮಗುವನ್ನು ಪರೀಕ್ಷೆಗೆ ಕರೆದುಕೊಂಡು ಹೋಗುವಾಗ ಅವಳ ಜೊತೆಯಲ್ಲಿ ಒಬ್ಬರು ಹೋಗಿರಿ. ಕಲಿತ ವಿದ್ಯೆಯಿಂದ ಒಂದು ಮಗುವಿನ ಉಸಿರು ಸಲೀಸಾದರೆ ಆ ವಿದ್ಯೆಯು ಸಾರ್ಥಕವಾದಂತೆಯೇ ಸರಿ.